ಮೆಡಿಕಲ್ ಶಾಪ್ ಕೌಂಟರ್ ಹಿಂದಿನ 500 ಗಂಟೆ

ನಾವೆಲ್ಲ ಇಂಜಿನಿಯರಿಂಗ್ ಸೀಟಿಗೆ ಅಂತ ಸಿಇಟಿ ಬರೆದ್ವಿ. ರಿಸಲ್ಟ್ ಬಂದಾಗ ಕೆಇಎ ವೆಬ್‌ಸೈಟ್‌ನಲ್ಲಿ ಇಂಜಿನಿಯರಿಂಗ್ ರ‍್ಯಾಂಕ್ ಜೊತೆಗೆ ಬಿ.ಫಾರ್ಮ್, ಫಾರ್ಮ್.ಡಿ ರ‍್ಯಾಂಕುಗಳೂ ಬರ್ತವೆ. ಬಹಳ ಜನ ಅದನ್ನ ನೋಡಿಯೂ ನೋಡದ ಹಾಗೆ ಮುಂದೆ ಹೋಗ್ತಾರೆ. ಆದ್ರೆ ಅದೇ ಪಿಯುಸಿ ಓದಿ, ಅದೇ ಸಿಇಟಿ ಬರೆದು ಫಾರ್ಮಸಿ ತಗೊಂಡವರು ನಮ್ಮ ಸುತ್ತಲೇ ಇದ್ದಾರೆ. ಕೆ.ಆರ್. ಪುರಂ ದಾಟಿ ಹಳೇ ಮದ್ರಾಸ್ ರಸ್ತೆ ಕಡೆ ಹೋದ್ರೆ ಈಸ್ಟ್ ಪಾಯಿಂಟ್ ಕ್ಯಾಂಪಸ್‌ನಲ್ಲಿ ಇಂಜಿನಿಯರಿಂಗ್ ಕಾಲೇಜೂ ಇದೆ, ಫಾರ್ಮಸಿ ಕಾಲೇಜೂ ಇದೆ. ಆದ್ರೂ ಅವರು ಏನು ಕಲೀತಾರೆ ಅಂತ ಕೇಳಿದ್ರೆ ನಮ್ಮಲ್ಲಿ ಬರೋ ಉತ್ತರ ಒಂದೇ: "ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಎತ್ತಿ ಕೊಡೋಕೆ ಅಷ್ಟು ವರ್ಷ ಬೇಕಾ?"

ಈ ಲೇಖನ ಆ ಪ್ರಶ್ನೆಗೆ ಉತ್ತರ. ಪುಸ್ತಕದ ಪಾಠ ಬಿಟ್ಟು, ಅವರ ಕೈಕೆಲಸದ ತರಬೇತಿ ಬಗ್ಗೆ ಮಾತ್ರ ಇಲ್ಲಿ ಹೇಳ್ತೀನಿ. ಆ ತರಬೇತಿ ಎಷ್ಟು ಗಂಟೆ ಅಂತ ನಿಯಮದಲ್ಲಿ ಬರೆದಿದೆ. ಆ ಗಂಟೆಗಳು ನಿಜವಾಗಿ ನಡೆದ್ವಾ ಇಲ್ವಾ ಅನ್ನೋದರ ಮೇಲೆ ನಮ್ಮ ಮನೆಯವರ ಆರೋಗ್ಯ ನಿಂತಿದೆ.

ಮೂರು ಕೋರ್ಸ್, ಮೂರು ಥರದ ತರಬೇತಿ

ಮೊದಲು ಕಾನೂನು. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಡಾಕ್ಟರ್ ಬರೆದ ಚೀಟಿ ನೋಡಿ ಔಷಧಿ ತಯಾರು ಮಾಡಿ ಕೊಡೋ ಅಧಿಕಾರ ಇರೋದು ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. ಆ ನೋಂದಣಿಗೆ ಬೇಕಾದ ಕೋರ್ಸುಗಳನ್ನ ಭಾರತೀಯ ಫಾರ್ಮಸಿ ಪರಿಷತ್ತು, ಅಂದ್ರೆ ಪಿಸಿಐ, ನಿಯಂತ್ರಿಸುತ್ತದೆ. ನಮಗೆ ಎಐಸಿಟಿಇ ಇದ್ದ ಹಾಗೆ ಅವರಿಗೆ ಪಿಸಿಐ. ಫಾರ್ಮಸಿ ಕಾಲೇಜುಗಳ ವಿಷಯದಲ್ಲಿ ಇಬ್ಬರಲ್ಲಿ ಯಾರ ಮಾತು ನಡೀಬೇಕು ಅನ್ನೋ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2020ರ ಮಾರ್ಚ್‌ನಲ್ಲಿ ಕೋರ್ಟ್ ಪಿಸಿಐ ಪರವಾಗಿ ತೀರ್ಪು ಕೊಟ್ಟಿತು.

ಡಿ.ಫಾರ್ಮ್ ಎರಡು ವರ್ಷದ ಡಿಪ್ಲೊಮಾ. ಪರೀಕ್ಷೆ ಪಾಸಾದ ತಕ್ಷಣ ಮುಗಿಯಲ್ಲ. ಆಮೇಲೆ ಆಸ್ಪತ್ರೆಯಲ್ಲೋ ಮೆಡಿಕಲ್ ಶಾಪ್‌ನಲ್ಲೋ 500 ಗಂಟೆ ಕೆಲಸ ಮಾಡಬೇಕು. ಅದು ಮೂರು ತಿಂಗಳಿಗಿಂತ ಕಡಿಮೆ ಅವಧಿಯಲ್ಲಿ ಆಗೋ ಹಾಗಿಲ್ಲ. ಅದರಲ್ಲೂ 250 ಗಂಟೆ ನಿಜವಾದ ಚೀಟಿ ನೋಡಿ ಔಷಧಿ ಕೊಡೋ ಕೆಲಸಕ್ಕೇ ಹೋಗಬೇಕು.

ಬಿ.ಫಾರ್ಮ್ ನಾಲ್ಕು ವರ್ಷ, ನಮ್ಮ ಥರಾನೇ ಎಂಟು ಸೆಮ್. ಆರನೇ ಸೆಮ್ ಮುಗಿದು ಏಳನೇದು ಶುರುವಾಗೋ ಮುಂಚೆ ನಾಲ್ಕು ವಾರಗಳಲ್ಲಿ ಕನಿಷ್ಠ 150 ಗಂಟೆ ಹೊರಗಡೆ ತರಬೇತಿ ಅಂತ ನಿಯಮದಲ್ಲಿದೆ. ಔಷಧಿ ಕಂಪನಿಯ ಪ್ರೊಡಕ್ಷನ್, ಕ್ವಾಲಿಟಿ ಕಂಟ್ರೋಲ್, ಆಸ್ಪತ್ರೆ, ಮೆಡಿಕಲ್ ಶಾಪ್, ಇದರಲ್ಲಿ ಯಾವುದಾದ್ರೂ ಆಗಬಹುದು. ಲೆಕ್ಕ ಹಾಕಿದ್ರೆ ವಾರಕ್ಕೆ ಆರು ದಿನ, ದಿನಕ್ಕೆ ಆರೂಕಾಲು ಗಂಟೆ. ಏಳನೇ ಸೆಮ್‌ನಲ್ಲಿ ಪ್ರಾಕ್ಟೀಸ್ ಸ್ಕೂಲ್ ಅಂತ ಇನ್ನೂ 150 ಗಂಟೆ ಇದೆ.

ಫಾರ್ಮ್.ಡಿ ಆರು ವರ್ಷ, 2008ರಲ್ಲಿ ನಿಯಮ ಬಂದ ಕೋರ್ಸ್. ಐದು ವರ್ಷ ಪಾಠ, ಅದರಲ್ಲೇ ವಾರ್ಡ್ ರೌಂಡ್ಸ್. ಆರನೇ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್: ಜನರಲ್ ಮೆಡಿಸಿನ್‌ನಲ್ಲಿ ಆರು ತಿಂಗಳು, ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಅದಕ್ಕೆ ಕನಿಷ್ಠ 300 ಹಾಸಿಗೆಯ ಆಸ್ಪತ್ರೆ ಬೇಕು. ಪಕ್ಕದ ರಸ್ತೆಯ ನರ್ಸಿಂಗ್ ಹೋಮ್ ಸಾಲಲ್ಲ.

ಕೌಂಟರ್ ಹಿಂದೆ ಕಲಿಯೋದು ಏನು?

ಡಿಪ್ಲೊಮಾ ತರಬೇತಿಗೆ ಪಿಸಿಐ ಹಿಂದಿನಿಂದ ಹೇಳಿಕೊಂಡು ಬಂದ ಪಟ್ಟಿ ಚಿಕ್ಕದು. ಕಾನೂನು ಕೇಳೋ ದಾಖಲೆ ಇಡೋದು, ಉಪಕರಣ ಬಳಸೋದು, ಡೋಸ್ ಸರಿ ಇದೆಯಾ ಅಂತ ನೋಡ್ತಾ ಚೀಟಿ ಓದೋದು, ಔಷಧಿ ಕೊಡೋದು, ಔಷಧಿಯನ್ನ ಸರಿಯಾಗಿ ಶೇಖರಿಸೋದು. ಕೇಳೋಕೆ ಸುಲಭ ಅನ್ಸತ್ತೆ. ಒಂದೆರಡು ಉದಾಹರಣೆ ನೋಡಿದ್ರೆ ಕಷ್ಟ ಗೊತ್ತಾಗತ್ತೆ.

ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಗೊತ್ತಿರೋ ಮಾತ್ರೆಯಿಂದಲೇ ಶುರು ಮಾಡೋಣ. ಜ್ವರ ಅಂತ ಡೋಲೋ 650 ದಿನಕ್ಕೆ ನಾಲ್ಕು ತಗೊಂಡ್ರೆ 2600 ಮಿಲಿಗ್ರಾಂ ಪ್ಯಾರಸಿಟಮಾಲ್. ಮೂಗು ಕಟ್ಟಿದೆ ಅಂತ ಜೊತೆಗೆ ಶೀತದ ಮಾತ್ರೆ ದಿನಕ್ಕೆ ಮೂರು. ಕೆಲವು ಶೀತದ ಮಾತ್ರೆಗಳ ಒಳಗೂ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಇರತ್ತೆ, ಅಂದ್ರೆ ಇನ್ನೂ 1500. ಒಟ್ಟು 4100. ವಯಸ್ಕರಿಗೆ ದಿನದ ಗರಿಷ್ಠ ಮಿತಿ 4000, ಅದು ದಾಟಿದ್ರೆ ಲಿವರ್‌ಗೆ ಅಪಾಯ. ಎರಡೂ ಸ್ಟ್ರಿಪ್ ಮೇಲೆ ಹೆಸರು ಬೇರೆ ಬೇರೆ, ಆದ್ರಿಂದ ತಗೊಳ್ಳೋರಿಗೆ ಗೊತ್ತಾಗಲ್ಲ. ಗೊತ್ತಾಗಬೇಕಾದವರು ಕೌಂಟರ್ ಹಿಂದೆ ನಿಂತವರು. "ಮನೇಲಿ ಬೇರೆ ಯಾವ ಮಾತ್ರೆ ತಗೋತಾ ಇದೀರಾ?" ಅಂತ ಕೇಳೋ ಅಭ್ಯಾಸ ಅವರಿಗೆ ಇರಬೇಕು.

ಇನ್ನೊಂದು ನಮಗೆ ಚೆನ್ನಾಗಿ ಅರ್ಥ ಆಗೋ ಉದಾಹರಣೆ, ಯೂನಿಟ್ ತಪ್ಪು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋಗಿದ್ದು ಒಂದು ತಂಡ ಪೌಂಡ್ ಲೆಕ್ಕದಲ್ಲಿ, ಇನ್ನೊಂದು ತಂಡ ನ್ಯೂಟನ್ ಲೆಕ್ಕದಲ್ಲಿ ಇದ್ದಿದ್ದಕ್ಕೆ ಅಂತ ಕೇಳಿರ್ತೀವಿ. ಇನ್ಸುಲಿನ್‌ನಲ್ಲೂ ಅದೇ ಥರದ ಬಲೆ ಇದೆ. ನಮ್ಮ ದೇಶದಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ಸಿಗತ್ತೆ: ಒಂದು ಮಿಲಿಲೀಟರ್‌ಗೆ 40 ಯೂನಿಟ್, ಮತ್ತು 100 ಯೂನಿಟ್. ಸಿರಿಂಜೂ ಎರಡು ಥರ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದ್ರೆ ಅರ್ಧ ಮಿಲಿಲೀಟರ್. ಅದು 100ರ ಇನ್ಸುಲಿನ್ ಆಗಿದ್ರೆ ಒಳಗೆ ಹೋಗೋದು 20 ಯೂನಿಟ್ ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು. ಸಕ್ಕರೆ ಅಂಶ ದಿಢೀರ್ ಇಳಿದು ಮನುಷ್ಯ ಪ್ರಜ್ಞೆ ತಪ್ಪಬಹುದು, ಪ್ರಾಣಾನೂ ಹೋಗಬಹುದು. ಈ ಲೆಕ್ಕ ಪರೀಕ್ಷೆಯಲ್ಲಿ ಬರೆಯೋಕೆ ಎರಡು ನಿಮಿಷ ಸಾಕು. ಆದ್ರೆ ಸಾಯಂಕಾಲ ಏಳು ಗಂಟೆ ರಶ್‌ನಲ್ಲಿ, ಹತ್ತು ಜನ ಚೀಟಿ ಚಾಚಿಕೊಂಡು ನಿಂತಿರುವಾಗ, ಬಾಟಲಿ ಮತ್ತು ಸಿರಿಂಜ್ ಎರಡನ್ನೂ ಜೋಡಿಸಿ ನೋಡೋದು ಕೈಗೆ ಬಂದಿರಬೇಕು. 250 ಗಂಟೆ ಇರೋದು ಇದಕ್ಕೇ.

ಮೂರನೇದು ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಕೊಡೋವಾಗ ಇದು ವಾರಕ್ಕೆ ಒಂದೇ ದಿನ ತಗೊಳ್ಳೋ ಔಷಧಿ. ಮಿಕ್ಕ ಮಾತ್ರೆಗಳೆಲ್ಲ ದಿನಾ ತಗೊಳ್ಳೋದ್ರಿಂದ ಇದನ್ನೂ ದಿನಾ ನುಂಗಿ ಸತ್ತ ರೋಗಿಗಳ ಪ್ರಕರಣಗಳು ಪ್ರಪಂಚದ ಹಲವು ಕಡೆ ದಾಖಲಾಗಿವೆ. ಇಲ್ಲಿ ಫಾರ್ಮಸಿಸ್ಟ್ ಮಾಡಬೇಕಾದ ಕೆಲಸ ಬಹಳ ಸಣ್ಣದು: "ಯಾವ ವಾರ ತಗೋತೀರಾ? ಸೋಮವಾರನಾ? ಹಾಗಾದ್ರೆ ಕವರ್ ಮೇಲೆ ಸೋಮವಾರ ಅಂತ ಬರೀತೀನಿ."

ಇದರ ಜೊತೆ ರಿಜಿಸ್ಟರ್ ಕೆಲಸ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಶೆಡ್ಯೂಲ್ ಎಚ್1 ಪ್ರಕಾರ ಕೆಲವು ಆಂಟಿಬಯಾಟಿಕ್, ಟಿಬಿ ಔಷಧಿ, ನಿದ್ದೆ ಮಾತ್ರೆಗಳನ್ನ ಮಾರಿದಾಗ ಡಾಕ್ಟರ್ ಹೆಸರು, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿದ್ದು, ಎಲ್ಲ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಆಂಟಿಬಯಾಟಿಕ್‌ಗಳು ಕೆಲಸ ಮಾಡದೇ ಹೋಗೋ ಸಮಸ್ಯೆಗೆ ತಡೆ ಹಾಕೋಕೆ ಬಂದ ನಿಯಮ ಇದು. ಟ್ರೈನಿ ಆಗಿರುವಾಗಲೇ ಈ ಪುಸ್ತಕ ಬರೆಯೋದು ರೂಢಿ ಆಗದಿದ್ರೆ ಮುಂದೆ ಯಾವತ್ತೂ ಆಗಲ್ಲ.

ವಾರ್ಡ್‌ನಲ್ಲಿ, ಫ್ಯಾಕ್ಟರಿಯಲ್ಲಿ

ಆಸ್ಪತ್ರೆಯ ವಾರ್ಡ್‌ನಲ್ಲಿ ಫಾರ್ಮ್.ಡಿ ವಿದ್ಯಾರ್ಥಿಯ ಕೆಲಸ ಬೇರೆ. ಡಾಕ್ಟರ್ ಜೊತೆ ರೌಂಡ್ಸ್ ಹೋಗಿ, ರೋಗಿ ಮೊದಲಿಂದ ಯಾವ ಔಷಧಿ ತಗೋತಿದ್ರು ಅಂತ ವಿಚಾರಿಸಿ, ಈಗ ಬರೆದಿರೋದರ ಜೊತೆ ಅದು ಹೊಂದತ್ತಾ ಅಂತ ನೋಡಬೇಕು. ಉದಾಹರಣೆಗೆ ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಗೋಬೇಕು, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಮೂರನ್ನೂ ಒಟ್ಟಿಗೆ ನುಂಗಿದ್ರೆ ಥೈರಾಯ್ಡ್ ಮಾತ್ರೆ ದೇಹಕ್ಕೆ ಸರಿಯಾಗಿ ಸೇರಲ್ಲ. ಆಮೇಲೆ ಬ್ಲಡ್ ಟೆಸ್ಟ್ ನೋಡಿ "ಡೋಸ್ ಸಾಕಾಗ್ತಿಲ್ಲ" ಅಂತ ಜಾಸ್ತಿ ಮಾಡ್ತಾರೆ. ತಪ್ಪು ಡೋಸ್‌ನಲ್ಲಿ ಇರಲಿಲ್ಲ, ಟೈಮಿಂಗ್‌ನಲ್ಲಿತ್ತು.

ಔಷಧಿಯಿಂದ ಅಡ್ಡಪರಿಣಾಮ ಆದ್ರೆ ವರದಿ ಮಾಡೋದೂ ಇವರು ಕಲಿಯೋ ಕೆಲಸ. 2010ರಲ್ಲಿ ಶುರುವಾದ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ಈ ವರದಿಗಳು ಹೋಗ್ತವೆ, ಅದರ ಕೇಂದ್ರ ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್‌ನಲ್ಲಿದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಬಗ್ ರಿಪೋರ್ಟ್. ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಮಾತ್ರ ಅಲ್ಲ, ರೋಗಿಯೂ ಕಳಿಸಬಹುದು. ಸಾರ್ವಜನಿಕರ ಫಾರ್ಮ್ ಕನ್ನಡದಲ್ಲೂ ಇದೆ, ಉಚಿತ ಸಹಾಯವಾಣಿ 1800-180-3024.

ಫ್ಯಾಕ್ಟರಿಗೆ ಹೋದವರದ್ದು ನಮ್ಮ ಮೆಕ್ಯಾನಿಕಲ್ ಲ್ಯಾಬ್ ಥರ. ಬೆಂಗಳೂರಿಗೆ ಇದು ಹೊಸದಲ್ಲ. ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ 1981ರಲ್ಲಿ ಶುರುವಾಯ್ತು, ಅದರ ಫ್ಯಾಕ್ಟರಿ ಪೀಣ್ಯದಲ್ಲಿದೆ. ಮಾತ್ರೆ ಫ್ಯಾಕ್ಟರಿಯಲ್ಲಿ ಮಾಡೋ ಒಂದು ಟೆಸ್ಟ್ ಕೇಳಿ: 20 ಮಾತ್ರೆ ತೂಕ ಹಾಕಿ ಸರಾಸರಿ ತೆಗೀತಾರೆ. ಸರಾಸರಿ 250 ಮಿಲಿಗ್ರಾಂ ಅಥವಾ ಜಾಸ್ತಿ ಇದ್ರೆ ಎರಡಕ್ಕಿಂತ ಹೆಚ್ಚು ಮಾತ್ರೆಗಳು ಶೇಕಡಾ 5ಕ್ಕಿಂತ ಆಚೀಚೆ ಹೋಗಬಾರದು, ಒಂದೂ ಶೇಕಡಾ 10 ದಾಟಬಾರದು. ಮಾತ್ರೆ ಸವೆಯತ್ತಾ ಅಂತ ನೋಡೋಕೆ ಒಂದು ಡ್ರಮ್‌ನಲ್ಲಿ ಹಾಕಿ ನಿಮಿಷಕ್ಕೆ 25 ಸುತ್ತಿನ ಹಾಗೆ ನಾಲ್ಕು ನಿಮಿಷ ತಿರುಗಿಸ್ತಾರೆ. ಆಮೇಲೆ ತೂಕ ಶೇಕಡಾ 1ಕ್ಕಿಂತ ಜಾಸ್ತಿ ಕಡಿಮೆ ಆಗಿರಬಾರದು. ಟಾಲರೆನ್ಸ್ ಅಂದ್ರೆ ಏನು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಶಿವಾಜಿನಗರದಲ್ಲಿ ಯಾವ ಭಾಷೆಯಲ್ಲಿ ಹೇಳೋದು?

ಇಲ್ಲಿವರೆಗೆ ಹೇಳಿದ್ದೆಲ್ಲ ಕಣ್ಣು, ಕೈ, ಲೆಕ್ಕದ ಕೆಲಸ. ಇನ್ನೊಂದು ಕೌಶಲ ಉಳೀತು, ಮಾತು. ರೋಗಿಗೆ ಔಷಧಿ ಬಗ್ಗೆ ತಿಳಿಸಿ ಹೇಳೋದನ್ನ ಪೇಶೆಂಟ್ ಕೌನ್ಸೆಲಿಂಗ್ ಅಂತಾರೆ. ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ರೋಗಿ, ಇನ್ನೊಬ್ಬ ಫಾರ್ಮಸಿಸ್ಟ್ ಆಗಿ ಪಾತ್ರ ಮಾಡಿ ಅಭ್ಯಾಸ ಮಾಡಿಸ್ತಾರೆ. ಇಬ್ಬರೂ ಓದಿದವರು, ಪಠ್ಯ ಇಂಗ್ಲಿಷಿನದ್ದು. ಹೊರಗೆ ಬಂದ್ರೆ ಚಿತ್ರ ಬೇರೆ.

ಬೆಂಗಳೂರಿನ ಈ ಪೂರ್ವ ಭಾಗ 1809ರಿಂದ ಬ್ರಿಟಿಷರ ದಂಡು ಪ್ರದೇಶವಾಗಿ ಬೆಳೆದದ್ದು. ದಂಡಿನ ಜೊತೆ ಬಂದು ನೆಲೆಸಿದವರ ತಮಿಳು, ದಖನಿ ಉರ್ದು ಇವತ್ತೂ ಶಿವಾಜಿನಗರ, ಹಲಸೂರಿನ ಗಲ್ಲಿಗಳಲ್ಲಿ ಕನ್ನಡದ ಜೊತೆಗೇ ಕೇಳಿಸ್ತವೆ. ಕೆ.ಆರ್. ಪುರಂ ಕಡೆ ತೆಲುಗು, ಈಗ ಕಟ್ಟಡ ಕೆಲಸಕ್ಕೆ ಬಂದವರ ಹಿಂದಿ, ಬಂಗಾಳಿ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಇಂದಿರಾನಗರ ಕಡೆಯ ಸರ್ ಸಿ.ವಿ. ರಾಮನ್ ಜನರಲ್ ಆಸ್ಪತ್ರೆ, ಇಂಥ ಸರ್ಕಾರಿ ಆಸ್ಪತ್ರೆಗಳ ಔಷಧಿ ಕಿಟಕಿ ಮುಂದೆ ನಿಲ್ಲೋರಲ್ಲಿ ಈ ಎಲ್ಲರೂ ಇದ್ದಾರೆ. ಕಿಟಕಿ ಒಳಗೆ ತರಬೇತಿಗೆ ನಿಂತಿರೋ ವಿದ್ಯಾರ್ಥಿ ಕೇರಳದವರೋ, ಈಶಾನ್ಯ ರಾಜ್ಯದವರೋ ಆಗಿರಬಹುದು, ನಮ್ಮ ಹಾಗೆ ಇಂಗ್ಲಿಷ್ ಮೀಡಿಯಂ ಕನ್ನಡದವರೂ ಆಗಿರಬಹುದು.

ಚೀಟಿಯಲ್ಲಿ 1-1-1 ಅಂತ ಇದೆ. "ಮೂರು ಹೊತ್ತು ಊಟ ಆದ್ಮೇಲೆ" ಅಂತ ಹೇಳಿದ್ರೆ ಕನ್ನಡ ಸರಿಯಾಗಿಯೇ ಇದೆ. ಆದ್ರೆ ಕೇಳಿಸಿಕೊಂಡವರು ದಿನಕ್ಕೆ ಎರಡೇ ಸಲ ಊಟ ಮಾಡೋರಾದ್ರೆ? ಎರಡೇ ಮಾತ್ರೆ ಹೋಗತ್ತೆ. ರಾತ್ರಿ ಪಾಳಿ ಸೆಕ್ಯುರಿಟಿ ಕೆಲಸದವರಿಗೆ "ಬೆಳಿಗ್ಗೆ" ಅಂದ್ರೆ ಮಲಗೋ ಹೊತ್ತು. ಉಸಿರಾಟದ ತೊಂದರೆಗೆ ಕೊಡೋ ಕ್ಯಾಪ್ಸೂಲ್ ಒಂದಿದೆ, ಅದನ್ನ ಸಾಧನದೊಳಗೆ ಹಾಕಿ ಪುಡಿಯನ್ನ ಉಸಿರಿನ ಜೊತೆ ಎಳ್ಕೋಬೇಕು. "ಈ ಕ್ಯಾಪ್ಸೂಲ್ ದಿನಕ್ಕೆ ಎರಡು" ಅಂತಷ್ಟೇ ಹೇಳಿದ್ರೆ ನೀರು ಕುಡಿದು ನುಂಗಿಬಿಡ್ತಾರೆ. ಮಾತ್ರೆ ಸರಿ, ಡೋಸ್ ಸರಿ, ಮಾತು ಸಾಲಲಿಲ್ಲ.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡೋರಿಗೆ ಲೇಬಲ್ ಮೇಲೆ ದಿನಕ್ಕೆ ಒಮ್ಮೆ ಅನ್ನೋದಕ್ಕೆ ಇಂಗ್ಲಿಷಿನ "ಒನ್ಸ್" ಅಂತ ಬರೆದ್ರೆ ಅಪಾಯ, ಯಾಕಂದ್ರೆ ಅದೇ ಅಕ್ಷರಗಳಿಗೆ ಸ್ಪ್ಯಾನಿಷ್‌ನಲ್ಲಿ ಹನ್ನೊಂದು ಅಂತ ಅರ್ಥ.

ಇದಕ್ಕೆ ಫಾರ್ಮಸಿಯವರು ಕಲಿಯೋ ಒಂದು ಒಳ್ಳೆ ಉಪಾಯ ಇದೆ. "ಅರ್ಥ ಆಯ್ತಾ?" ಅಂತ ಕೇಳಬಾರದು, ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ಬದಲಿಗೆ, "ಅಮ್ಮಾ, ಮನೆಗೆ ಹೋಗಿ ಇದನ್ನ ಹೇಗೆ ತಗೋತೀರಾ, ನನಗೊಂದ್ಸಲ ಹೇಳಿ" ಅನ್ನಬೇಕು. ಅವರು ಹೇಳೋದರಲ್ಲೇ ತಪ್ಪು ಗೊತ್ತಾಗತ್ತೆ. ಇದಕ್ಕೆ ಒಂದು ನಿಮಿಷ ಬೇಕು. ಆ ಒಂದು ನಿಮಿಷ ಕೊಡೋ ಧೈರ್ಯವೂ ತರಬೇತಿಯಿಂದಲೇ ಬರೋದು.

ಸೈನ್ ಆದ ಗಂಟೆ, ನಡೆದ ಗಂಟೆ

ಈಗ ಕಷ್ಟದ ವಿಷಯ. 500 ಗಂಟೆ ಆಯ್ತು ಅಂತ ಗೊತ್ತಾಗೋದು ಒಂದು ಕಾಗದದಿಂದ. ಯಾರೋ ಒಬ್ಬರು ಸೈನ್ ಹಾಕಿ ಸೀಲ್ ಒತ್ತಿದ್ರೆ ಮುಗೀತು. ನಮಗೆ ಇದನ್ನ ವಿವರಿಸಿ ಹೇಳಬೇಕಾಗಿಲ್ಲ. ದುಡ್ಡು ಕಟ್ಟಿದ್ರೆ ಹದಿನೈದು ದಿನದಲ್ಲಿ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಅಂತ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಿಗೆ ಎಷ್ಟು ಮೆಸೇಜ್ ಬರ್ತವೆ ಅಂತ ಎಲ್ಲರಿಗೂ ಗೊತ್ತು. 100 ಆಕ್ಟಿವಿಟಿ ಪಾಯಿಂಟ್ ಫೈಲ್ ಕೊನೇ ವಾರದಲ್ಲಿ ಹೇಗೆ ತುಂಬತ್ತೆ ಅಂತಲೂ ಗೊತ್ತು.

ಫಾರ್ಮಸಿಯಲ್ಲಿ ಇದು ಡಿಗ್ರಿ ಮುಗಿದ ಮೇಲೂ ಮುಂದುವರಿಯೋ ರೋಗ. ತಾನು ಹೋಗದ ಅಂಗಡಿಗೆ ತನ್ನ ಫಾರ್ಮಸಿಸ್ಟ್ ಸರ್ಟಿಫಿಕೇಟ್ ಬಾಡಿಗೆಗೆ ಕೊಡೋದು ಆ ವಲಯದಲ್ಲಿ ಎಲ್ಲರೂ ಮಾತಾಡೋ ವಿಷಯ. ಗೋಡೆ ಮೇಲೆ ಸರ್ಟಿಫಿಕೇಟ್ ಇರತ್ತೆ, ಕೌಂಟರ್‌ನಲ್ಲಿ ಅವರು ಇರಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಇದನ್ನ ದುರ್ನಡತೆ ಅಂತಲೇ ಹೇಳ್ತವೆ.

ಆದ್ರೆ ಪೂರ್ತಿ ತಪ್ಪು ವಿದ್ಯಾರ್ಥಿಗಳದ್ದು ಅನ್ನೋದೂ ಸರಿಯಲ್ಲ. ಟ್ರೈನಿಯನ್ನ ತಗೊಂಡ ಅಂಗಡಿ ಅವನ ಕೈಲಿ ಮೂರು ತಿಂಗಳು ಡಬ್ಬ ಇಳಿಸಿ ಜೋಡಿಸೋ ಕೆಲಸ ಮಾಡಿಸಿದ್ರೆ ಗಂಟೆ ಲೆಕ್ಕಕ್ಕೆ ಸರಿ, ಕಲಿಕೆ ಇಲ್ಲ. ಎಲ್ಲಿ ಏನಿದೆ ಅಂತ ಗೊತ್ತಾಗೋಕೆ ಡಬ್ಬ ಜೋಡಿಸೋದೂ ಬೇಕು, ಆದ್ರೆ ಮೊದಲ ವಾರಕ್ಕೆ ಅದು ಸಾಕು. ಆಮೇಲೆ ಅವನು ಔಷಧಿ ತೆಗೆದು ಇಡಬೇಕು, ಫಾರ್ಮಸಿಸ್ಟ್ ಚೀಟಿ ಜೊತೆ ಹೋಲಿಸಿ ನೋಡಬೇಕು, ತಪ್ಪಿದ್ರೆ ರೋಗಿಯ ಕೈಗೆ ಹೋಗೋ ಮುಂಚೆ ಅಲ್ಲೇ ತಿದ್ದಬೇಕು. ತರಬೇತಿ ಅಂದ್ರೆ ಇಷ್ಟೇ: ತಪ್ಪು ಮಾಡೋಕೆ ಅವಕಾಶ ಇರಬೇಕು, ಆ ತಪ್ಪು ಹೊರಗೆ ಹೋಗದ ಹಾಗೆ ನೋಡೋ ಕಣ್ಣು ಪಕ್ಕದಲ್ಲೇ ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ರೂ 500 ಬರೀ ನಂಬರ್.

ನಾವು ಬರೆದ ಕೋಡ್ ತಪ್ಪಾದ್ರೆ ಕಂಪೈಲರ್ ಬೈಯತ್ತೆ, ಟೆಸ್ಟಿಂಗ್‌ನಲ್ಲಿ ಸಿಗತ್ತೆ, ಅದೂ ತಪ್ಪಿಸ್ಕೊಂಡ್ರೆ ಮರುದಿನ ಪ್ಯಾಚ್ ಹಾಕಬಹುದು. ಡಾಕ್ಟರ್ ಬರೆದ ಚೀಟಿಗೂ ರೋಗಿಯ ಬಾಯಿಗೂ ನಡುವೆ ಇರೋ ಕೊನೇ ಟೆಸ್ಟಿಂಗ್ ಫಾರ್ಮಸಿಸ್ಟ್. ನುಂಗಿದ ಮಾತ್ರೆಗೆ ಪ್ಯಾಚ್ ಇಲ್ಲ.

ನಾವು ಮಾಡಬಹುದಾದ್ದು

ಮೆಡಿಕಲ್ ಶಾಪ್‌ಗೆ ಹೋದಾಗ "ಫಾರ್ಮಸಿಸ್ಟ್ ಇದ್ದಾರಾ?" ಅಂತ ಕೇಳಿ. ಬೇರೆ ಯಾವ ಮಾತ್ರೆ ತಗೋತಾ ಇದೀರಾ ಅಂತ ಅವರು ಕೇಳದಿದ್ರೆ ನೀವೇ ಹೇಳಿ. ಮನೇಲಿ ಅಜ್ಜಿ ತಾತನ ಇನ್ಸುಲಿನ್ ಬಾಟಲಿ ಮೇಲಿನ 40 ಅಥವಾ 100 ಮತ್ತು ಸಿರಿಂಜ್ ಮುಚ್ಚಳದ ಬಣ್ಣ ಹೊಂದತ್ತಾ ಅಂತ ಇವತ್ತೇ ನೋಡಿ. ಹೊಂದಲಿಲ್ಲ ಅಂದ್ರೆ ಮುಂದಿನ ಡೋಸ್‌ಗೆ ಮುಂಚೆ ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳಿ, ನೀವೇ ಲೆಕ್ಕ ಹಾಕಿ ಬದಲಾಯಿಸಬೇಡಿ.

ಕನ್ನಡ ಸಂಘಕ್ಕೆ ಒಂದು ಕೆಲಸ ಇದೆ ಅಂತ ನನಗನ್ಸತ್ತೆ. ಹೊರ ರಾಜ್ಯದಿಂದ ಬಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವಿಟಿಯುನಲ್ಲಿ "ಬಳಕೆ ಕನ್ನಡ" ಅಂತ ಒಂದು ವಿಷಯ ಇದೆ. ಅದರಲ್ಲಿ ಆಟೋದವರ ಜೊತೆ, ಅಂಗಡಿಯವರ ಜೊತೆ ಮಾತಾಡೋದು ಕಲೀತಾರೆ. ಹಾಗೇನೇ ಔಷಧಿ ಕೌಂಟರ್‌ಗೆ ಬೇಕಾದ ಒಂದೇ ಪುಟದ ಬಳಕೆ ಕನ್ನಡ ನಾವು ಮಾಡಬಹುದು: ಖಾಲಿ ಹೊಟ್ಟೆ, ಊಟ ಆದ್ಮೇಲೆ, ವಾರಕ್ಕೆ ಒಂದೇ ಸಲ, ನುಂಗಬೇಡಿ, ಪೂರ್ತಿ ಕೋರ್ಸ್ ಮುಗಿಸಿ, ನೀವೇ ಒಂದ್ಸಲ ಹೇಳಿ ನೋಡೋಣ. ಇಪ್ಪತ್ತು ವಾಕ್ಯ ಸಾಕು. ಕನ್ನಡ ನಾವು ಬರೆಯೋಣ, ಔಷಧಿಯ ಮಾತು ಸರಿ ಇದೆಯಾ ಅಂತ ಫಾರ್ಮಸಿ ಕಾಲೇಜಿನ ಮೇಷ್ಟ್ರುಗಳು ನೋಡಲಿ, ಆಮೇಲೆ ತರಬೇತಿಗೆ ಹೊರಡೋ ವಿದ್ಯಾರ್ಥಿಗಳ ಜೇಬಿಗೆ ಕೊಡೋಣ. ಆಸಕ್ತಿ ಇರೋರು ಮುಂದಿನ ಸಂಘದ ಸಭೆಗೆ ಬರುವಾಗ ನಿಮ್ಮ ಮನೆಯಲ್ಲಿ ಔಷಧಿ ಬಗ್ಗೆ ಯಾವ ಮಾತು ಬಳಸ್ತಾರೆ ಅಂತ ಕೇಳಿ ಬರ್ಕೊಂಡು ಬನ್ನಿ.